ಮೇಷ್ಟ್ರು ಮೆತ್ತಿಸಿದ ಸಿಮೆಂಟು

ಮಾರ್ಚ್ ೯, ಸೋಮವಾರ

ರಜೆ ಮುಗಿಸಿ ಇವತ್ತು ಕೆಲಸಕ್ಕೆ ಹೋದೆ. ಹಳೆಯ ನಾಟಕಶಾಲೆಯಲ್ಲಿ ನಟರು ಬಣ್ಣ ಹಚ್ಚಿಕೊಳ್ಳುವ ಕೋಣೆಯ ಗೋಡೆಗೆ ಸಿಮೆಂಟ್ ಮೆತ್ತಿಬಿಟ್ಟಿದ್ದಾರೆ. ತಲೆಮಾರುಗಳಿಂದ ನಟರು ರಂಗಕ್ಕೆ ಹೋಗುವ ಮುನ್ನ ಕಾಡಿಗೆಯಲ್ಲಿ ತಮ್ಮ ಹೆಸರು ಬರೆದಿಟ್ಟ ಗೋಡೆ ಅದು. ಉದುರುತ್ತಿದ್ದ ಗಾರೆಗೆ ಸುಣ್ಣದ ತಿಳಿನೀರು ಕುಡಿಸಿ ಕುಡಿಸಿ ಒಂದೊಂದೇ ಅಕ್ಷರ ಉಳಿಸಿಕೊಂಡಿದ್ದೆ. ಇನ್ನು ಸಿಮೆಂಟ್ ಕಿತ್ತರೆ ಅಕ್ಷರವೂ ಕಿತ್ತು ಬರುತ್ತದೆ.

ಗಾರೆ ಕೆಲಸದವನನ್ನು ತರಾಟೆಗೆ ತೆಗೆದುಕೊಂಡೆ. ಪಾಪ, ತಲೆ ಕೆರೆದುಕೊಂಡು, “ನಿಮ್ಮ ಮೇಷ್ಟ್ರೇ ಹೇಳಿದ್ದು ಅಕ್ಕಾ,” ಎಂದ.

ಹಳೆಯ ಕಟ್ಟಡಗಳನ್ನು ಉಳಿಸುವ ಈ ವಿದ್ಯೆ ನನಗೆ ಕಲಿಸಿದ ಮೇಷ್ಟ್ರು! ಅಲ್ಲೇ ಅಟ್ಟಣಿಗೆಯ ಮೇಲೆ ನಿಂತಿದ್ದರು. ಹತ್ತಿ ಹೋಗಿ ಕೇಳಿದೆ.

“ಸಿಮೆಂಟ್ ಹಾಕಿದ್ರೆ ತೇವ ಒಳಗೇ ಉಳಿದು, ಉಪ್ಪು ಕಟ್ಟಿ, ಇಟ್ಟಿಗೆ ಪುಡಿಯಾಗತ್ತೆ ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು?”

“ಹೌದಮ್ಮ. ಮುಂದಿನ ವಾರ ಉದ್ಘಾಟನೆ. ಗೋಡೆ ಹೊಸದಾಗಿ ಕಾಣ್ಬೇಕು ಅಂತಾರೆ ನಾಟಕಶಾಲೆಯವರು.”

“ಆಮೇಲೆ?”

“ಅದು ಉದುರೋ ಹೊತ್ತಿಗೆ ನಾನಿರಲ್ಲ ಬಿಡು,” ಎಂದು ನಕ್ಕರು.

ಗೊತ್ತಿಲ್ಲದೆ ಮಾಡಿಸಿದ್ದರೆ ಕ್ಷಮಿಸುತ್ತಿದ್ದೆ. ಎಲ್ಲ ಗೊತ್ತಿದ್ದೂ, ನಾನು ರಜೆ ಹಾಕಿದ್ದಾಗಲೇ ನೋಡಿಕೊಂಡು ಮಾಡಿಸಿದ್ದಾರೆ.

ಇಳಿಯುವಾಗ ಅವರ ಮಂಡಿ ನಡುಗಿತು. ಎಂದಿನಂತೆ ಕೈ ಚಾಚಿದರು. ನಾನೂ ಎಂದಿನಂತೆ ಹಿಡಿದು ಇಳಿಸಿದೆ. ಹಿಡಿಯಬಾರದಿತ್ತು ಅನ್ನಿಸುತ್ತಿದೆ. ಆದರೆ ಹಿಡಿಯದೆ ಬಿಟ್ಟಿದ್ದರೂ ಈಗ ನಿದ್ದೆ…