ಡಿಸೆಂಬರ್ ಎಪ್ಪತ್ತೊಂದು

ಜೋಗಿಮಟ್ಟಿ ಬೆಟ್ಟದ ನೆತ್ತಿ, ಚಿತ್ರದುರ್ಗ
ಕ್ರಿ.ಶ. ೨೩೧೭, ಡಿಸೆಂಬರ್ ೭೧

ಪಾಲಮ್ಮಜ್ಜಿಗೆ, ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳ ಸಾಲಿನಲ್ಲಿ ಎಲ್ಲೋ ಹಿಂದೆ ನಿಂತಿರುವ ಕಾಟಮ್ಮ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ನಿನ್ನ ಕಾಲದ ಕನ್ನಡವನ್ನು ನಾನು ಓದಿ ಕಲಿತವಳು, ಮಾತು ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೋ. ನೀನಿನ್ನೂ ಹರೆಯದವಳಿರಬಹುದು, ಅಜ್ಜಿ ಎಂದರೆ ಸಿಟ್ಟೂ ಬಂದೀತು. ನಮ್ಮಲ್ಲಿ ಸತ್ತವರ ತಿಥಿಯ ದಿನ ಮನೆಯವರು ಹಿಂದಿನ ಕಾಲದ ಒಬ್ಬರಿಗೆ ಕಾಗದ ಬರೆದು ಗಿಡದ ಬುಡದಲ್ಲಿ ಹೂಳುವ ಪದ್ಧತಿ ಇದೆ. ಹೆಚ್ಚಿನವರು ಈ ಸೆಕೆ ತಂದಿಟ್ಟವರೆಂದು ನಿಮ್ಮ ಕಾಲದವರನ್ನು ಬಾಯಿಗೆ ಬಂದಂತೆ ಬೈದು ಬರೆಯುತ್ತಾರೆ. ನನಗೆ ಬೈಯುವ ತ್ರಾಣವಿಲ್ಲ. ನನ್ನ ಅಕ್ಕ ಓಬಕ್ಕ ಹೋದಳು. ನಿನ್ನನ್ನು ಒಂದು ಮಾತು ಕೇಳಿಕೊಳ್ಳಬೇಕೆಂದು ಕುಳಿತಿದ್ದೇನೆ.

ಬಚ್ಚಲ ನೀರು ಹರಿಯುವಲ್ಲಿ ಡಿಸೆಂಬರ್ ಹೂವಿನ ಕಡ್ಡಿ ಊರಿದವಳು ನೀನು. ಸ್ಫಟಿಕದ ಹೂ ಎಂದೂ ಅನ್ನುತ್ತಿದ್ದಿರಂತೆ. ಬೇರೆ ಗಿಡಗಳೆಲ್ಲ ಹೂ ಬಿಟ್ಟು ಮುಗಿಸಿದ ಮೇಲೆ, ಚಳಿ ಬಿದ್ದಾಗ ಸಾವಕಾಶವಾಗಿ ನೇರಳೆ ಬಣ್ಣಕ್ಕೆ ಅರಳುವ ಪೊದೆ. ನಿನ್ನ ಮಗಳು ಅದರ ಕಡ್ಡಿ ಮುರಿದು ಗಂಡನ ಮನೆಗೆ ಒಯ್ದಳು, ಅವಳ ಮಗಳು ಮತ್ತೊಂದು ಮನೆಗೆ. ಹಾಗೆ ಕಡ್ಡಿಯಿಂದ ಕಡ್ಡಿಗೆ ಬಂದು ಅದೀಗ ನಮ್ಮ ಮನೆಯ ಮಣ್ಣಿನ ಕುಂಡದಲ್ಲಿದೆ. ಈಗಲೂ ಅದನ್ನು ಪಾಲಮ್ಮನ ಕಡ್ಡಿ ಎಂದೇ ಕರೆಯುತ್ತೇವೆ.

ನಮ್ಮ ಊರ ಮೇಲೆ ಗುಡ್ಡದಿಂದ ಗುಡ್ಡಕ್ಕೆ ದಪ್ಪ ಬಟ್ಟೆ ಎಳೆದು ಕಟ್ಟಿದ್ದೇವೆ. ಅದಕ್ಕೆ ನೆರಳೊಡ್ಡು ಎನ್ನುತ್ತೇವೆ. ಅದರ ಕೆಳಗೆ ಬದುಕಬಹುದು, ಆದರೆ ಚಳಿ ಎಂಬುದಿಲ್ಲ. ಚಳಿ ತಾಗದೆ ಈ ಗಿಡದ ಮೊಗ್ಗು ಒಡೆಯುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಕುಂಡವನ್ನು ಜೋಗಿಮಟ್ಟಿಗೆ ಹೊತ್ತು ತರುತ್ತೇವೆ. ಬಸುರಿಯನ್ನು ತವರಿಗೆ ಕಳಿಸುವಂತೆ ಅರಿಶಿನ ಕುಂಕುಮ ಇಟ್ಟು ಕೇರಿಯವರೆಲ್ಲ ಬೀಳ್ಕೊಡುತ್ತಾರೆ. ಇಲ್ಲಿ ಮೊದಲ ಹೂ ಅರಳಿದಾಗ ಗಿಡ ಕಾಯುವವಳು ಗಂಟೆ ಬಾರಿಸಬೇಕು, ಆಗಲೇ ನಮಗೆ ಜನವರಿ. ಅಲ್ಲಿಯವರೆಗೆ ಡಿಸೆಂಬರ್ ಮುಗಿಯುವುದಿಲ್ಲ. ನಮ್ಮ ಅವ್ವನ ಕಾಲದಲ್ಲಿ ನಲವತ್ತರೊಳಗೆ ಮುಗಿಯುತ್ತಿತ್ತಂತೆ.

ಗಿಡ ಸಾಕುತ್ತಿದ್ದವಳು ಓಬಕ್ಕ. ಹೂ ಮುಗಿದ ಕೂಡಲೇ ಗೇಣುದ್ದ ಉಳಿಸಿ ಕತ್ತರಿಸುವಳು. ಮೊಗ್ಗು ಬರುವುದು ಹೊಸ ಚಿಗುರಿನ ಸಂದಿನಲ್ಲಾದ್ದರಿಂದ ಆಷಾಢ ಕಳೆದ ಮೇಲೆ ಯಾರಿಗೂ ಕತ್ತರಿ ಮುಟ್ಟಗೊಡಳು. ರಾತ್ರಿಯ ತೇವ ಹಿಡಿಯಲು ಇಬ್ಬನಿಬಲೆ ಕಟ್ಟುತ್ತೇವೆ. ಅದರಿಂದ ತನ್ನ ಪಾಲಿಗೆ ಬಂದ ನೀರಲ್ಲಿ ಸೊಪ್ಪು ತೊಳೆದು, ತೊಳೆದ ನೀರನ್ನು ಕುಂಡಕ್ಕೆ ಸುರಿಯುವಳು. ಗಂಡನಿಗೆ ಮುದ್ದೆ ಇಕ್ಕುವುದು ಮರೆತಾಳು, ಇದನ್ನು ಮರೆಯಳು ಎಂದು ಭಾವ ತಿಪ್ಪಯ್ಯ ಗೊಣಗುತ್ತಿದ್ದ. ಹೂ ಬಿಡದ ಗಿಡಕ್ಕೆ ನೀರು ದಂಡ ಎಂದು ಯಾರಾದರೂ ಆಡಿಕೊಂಡರೆ ಅವಳ ಉತ್ತರ ಸಿದ್ಧವಿರುತ್ತಿತ್ತು: "ತಡಾಗಿ ಬಂದೋರಿಗೆ ನೀವು ಉಣ್ಣಾಕೆ ಇಕ್ಕಲ್ವೇನ್ರೋ?"

ಈ ವರ್ಷ ಅವಳು ಹಾಸಿಗೆ ಹಿಡಿದಳು. ಕುಂಡ ನನ್ನ ತಲೆಗೆ ಬಂತು. ಹೊರಡುವಾಗ ಕೈ ಹಿಡಿದು, "ಹೂವು ಬಿಡಾಗಂಟ ಇಳೀಬ್ಯಾಡ ಕಣೆ. ನಾನು ಹೊಸ ವರ್ಷ ನೋಡೇ ಹೋಗಾದು," ಎಂದಳು. ಅವಳು ಅಂದದ್ದು ಆಗದೇ ಇದ್ದದ್ದನ್ನು ನಾನು ಕಂಡಿರಲಿಲ್ಲ, ನಂಬಿದೆ.

ಬೆಟ್ಟದ ಮೇಲೂ ಈ ಸಲ ಸೆಕೆ. ಮೊಗ್ಗುಗಳು ಮುಳ್ಳುಮುಳ್ಳಾದ ಹಸಿರು ಹೊದಿಕೆಯೊಳಗೆ ಬಿಗಿದುಕೊಂಡು ಕುಳಿತವು. ಇಂದು ಅರಳೀತು, ನಾಳೆ ಅರಳೀತು ಎಂದು ನಾನೂ ಕುಳಿತೆ. ಒಂದು ಬೆಳಿಗ್ಗೆ ಭಾವ ಏದುಸಿರು ಬಿಡುತ್ತ ಹತ್ತಿ ಬಂದ. ಮುಖ ನೋಡಿದರೇ ತಿಳಿಯಿತು. ಕುಂಡದ ಪಕ್ಕ ಕುಕ್ಕರಿಸಿ ಕುಳಿತು, "ಮೂರು ದಿನ ನಿನ್ನ ಹೆಸ್ರೇ ಕೂಗಿದ್ಲು ಕಣಮ್ಮ. ಕರಕೊಂಡ್ ಬರ್ಲಾ ಅಂದ್ರೆ, ಬ್ಯಾಡ, ಅದು ಗಿಡದ ತಾವ ಇರ್ಲಿ ಅಂದ್ಲು," ಎಂದ. ನಾನು ಇಳಿದು ಹೋದಾಗ ಅವಳ ಮುಖಕ್ಕೆ ಅರಿಶಿನ ಹಚ್ಚಿ ಆಗಿತ್ತು. ಮಣ್ಣು ಮಾಡಿದೆವು. ಮುಡಿಸಲು ಹೂವಿರಲಿಲ್ಲ. ತಿಥಿ ಮುಗಿಸಿ ಇವತ್ತು ಮತ್ತೆ ಮೇಲೆ ಬಂದಿದ್ದೇನೆ, ಮೊಗ್ಗುಗಳು ಹಾಗೇ ಇವೆ.

ಅಜ್ಜಿ, ನೀನು ಆ ಕಡ್ಡಿ ಊರುವ ಮುಂಚೆಯೇ ಈ ಕಾಗದ ಸಿಕ್ಕೀತು, ಅದನ್ನು ಊರಬೇಡ ಎಂದು ಬರೆಯಲು ಕುಳಿತವಳು ನಾನು. ನೀನು ಊರದಿದ್ದರೆ ಈ ಗಿಡವಿಲ್ಲ, ಈ ಕಾವಲಿಲ್ಲ. ಆಗ ನಾನು ಕೆಳಗೇ ಇದ್ದು, ಓಬಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಡುತ್ತಿದ್ದೆ. ಆದರೆ ಬರೆಯಲು ಕೈ ಬರಲೊಲ್ಲದು. ಅವಳು ಬದುಕಿನಲ್ಲಿ ತನ್ನ ಇಷ್ಟಕ್ಕೆಂದು ಮಾಡಿದ್ದು ಇದೊಂದೇ ಕೆಲಸ, ಅದನ್ನು ನಾನು ಹೇಗೆ ಕಿತ್ತುಕೊಳ್ಳಲಿ?

ಊರು. ಕೊಳೆತ ಗೊಬ್ಬರ ಹಾಕಿ ಚೆನ್ನಾಗಿ ಊರು, ಹೂ ತಡವಾಯಿತೆಂದು ಕೀಳಬೇಡ. ಮಗಳಿಗೆ ಕಡ್ಡಿ ಮುರಿದು ಕೊಡುವಾಗ ಮಾತ್ರ ಒಂದು ಮಾತು ಹೇಳಿ ಕೊಡು. ಅವಳು ತನ್ನ ಮಗಳಿಗೆ ಹೇಳಲಿ, ಆ ಮಗಳು ತನ್ನ ಮಗಳಿಗೆ, ಹಾಗೇ ಅದು ನನ್ನ ಕಿವಿಯವರೆಗೂ ಬರಲಿ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ಅವರೇ ಬರಬೇಡ ಎಂದರೂ ಸರಿ, ಗಿಡವನ್ನು ಇದ್ದಲ್ಲೇ ಬಿಟ್ಟು ಅವರ ಹತ್ತಿರ ಓಡಬೇಕು.

ನಿನ್ನ
ಕಾಟಮ್ಮ