ಬೆರಳಿಗೆ ಬೈದಿದ್ದು

ಅಪ್ಪಾ,

ನಾನು ಡಾಕ್ಟರಮ್ಮನಿಗೆ ಬೈದಿಲ್ಲ. ಮೂರು ತಿಂಗಳಿಂದ ಬಡ್ಕೊಳ್ತಿದ್ದೀನಿ, ನೀನು ಕಿವಿಗೇ ಹಾಕ್ಕೊಳ್ತಿಲ್ಲ. ಅದಕ್ಕೇ ಬರೀತಿದ್ದೀನಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ತಪ್ಪು ತಿದ್ದೋಕೆ ಕೂರಬೇಡ.

ಇಪ್ಪತ್ತು ವರ್ಷ ಸ್ಟ್ರೆಚರ್ ತಳ್ಳಿದ ಆಸ್ಪತ್ರೇಲಿ ನಿನ್ನ ಮಾನ ಕಳೆದೆ ಅಂತೀಯ. ಆಪರೇಶನ್ ರೂಮಿನ ಬಾಗಿಲ ಹೊರಗೆ ನಿಂತಿದ್ದವನಿಗೆ ಒಳಗಿನದು ಏನು ಗೊತ್ತು? ಕೈಗೆ ಮಾತ್ರ ಮರಗಟ್ಟೋ ಸೂಜಿ ಹಾಕಿದ್ರು, ನಾನು ಎಚ್ಚರವಾಗೇ ಇದ್ದೆ. ಗ್ಯಾರೇಜಲ್ಲಿ ತಗಡು ಕುಯ್ದಿದ್ದ, ಬೆರಳು ಎಳೆಯೋ ನರ ಹೊಲಿದು, "ಬೆರಳು ಮಡಚಪ್ಪ" ಅಂದ್ರು. ಅರ್ಧಕ್ಕೇ ನಿಂತುಹೋಯ್ತು.

"ಮೇಡಂ, ಸಡಿಲ ಇದೆ. ಕ್ಲಚ್ ಕೇಬಲ್ ಹೀಗಿದ್ರೆ ಗೇರ್ ಬೀಳಲ್ಲ" ಅಂದೆ. ನರ್ಸಕ್ಕ ಕಣ್ಣು ಕೆಕ್ಕರಿಸಿದ್ರು. ಡಾಕ್ಟರಮ್ಮ, "ಎಷ್ಟು ಬಿಗಿ ಮಾಡ್ಲಿ ಮೇಸ್ತ್ರಿ?" ಅಂದ್ರು. "ಅರ್ಧ ನೂಲು" ಅಂದೆ, ನಮ್ಮ ಗ್ಯಾರೇಜ್ ಅಳತೇಲಿ. ಬಿಚ್ಚಿ ಮತ್ತೆ ಹೊಲಿದ್ರು. ಈ ಸಲ ಬೆರಳು ಬಂದು ಅಂಗೈ ಮುಟ್ಟಿತು. ಆಗ ಬಾಯಿಗೆ ಬಂದಿದ್ದೇ ನಿನಗೆ ಕೇಳಿಸಿದ ಬೈಗುಳ. ಅದು ಬೆರಳಿಗೆ ಬೈದಿದ್ದು, ಖುಷಿಗೆ. ಡಾಕ್ಟರಮ್ಮನೂ ನಕ್ಕರು. ಅವರನ್ನ ಕಂಡ್ರೆ ಕಂಬದ ಹಿಂದೆ ಅಡಗೋದು ಬಿಟ್ಟು, ಹೋಗಿ ಕೇಳು.

ಒಳಗೆ ಹೋಗೋವಾಗ ನನ್ನ ಸ್ಟ್ರೆಚರ್ ತಳ್ಳಿದ್ದು ನೀನೇ. ಎರಡು ಸಲ ಗೋಡೆಗೆ ಗುದ್ದಿಸಿದೆ. ಅದನ್ನ ನಾನು ಯಾರಿಗೂ ಹೇಳಿಲ್ಲ.

ಇನ್ಮೇಲೆ ಎಲ್ಲಾ ಕೆಲಸ ಮಾಡಬಹುದು ಅಂತ ಡಾಕ್ಟರಮ್ಮ ನಿನ್ನೆ ಹೇಳಿದ್ರು. ಗ್ಯಾರೇಜಿಗೆ ಹೊರಟೆ. ನಿನ್ನ ಸೈಕಲ್ ಬ್ರೇಕ್ ಸಡಿಲ ಆಗಿದೆ, ಸಂಜೆ ತಗೊಂಡು ಬಾ.

ಇದನ್ನ ನಿನ್ನ ಕೈಗಿಟ್ಟು ಹೊರಟ ತಕ್ಷಣ ಮನೆ ಬಾಗಿಲು ಧಡಾರ್ ಅನ್ನುತ್ತೆ. ಹೊಲಿದ ಕೈಲೇ ಎಳೀತೀನಿ, ಕೇಳಿಸ್ಕೋ.

ನಿನ್ನ ಮಗ