ಹತ್ತು ಬೋಲ್ಟು, ಹತ್ತು ಕೈ

ಅಕ್ಕಾ,

ಸಭೆಯಲ್ಲಿ ಎಲ್ಲರೆದುರು ನಿನ್ನನ್ನು ದೊರೆಸಾನಿ ಎಂದು ಹಂಗಿಸಿದ್ದು ನನ್ನ ತಪ್ಪು. ಹತ್ತು ಮನೆಯವರು ಸೇರಿ ಕೊಂಡ ಹಳೇ ಟ್ರಾಕ್ಟರ್; ಎಂಜಿನ್ನಿನ ಮೇಲ್ಮುಚ್ಚಳದ, ಅಂದರೆ ಹೆಡ್ಡಿನ, ಹತ್ತು ಬೋಲ್ಟುಗಳನ್ನು ಮನೆಗೊಬ್ಬರು ಬಿಗಿಯಲಿ ಎಂದೆ ನಾನು. ಬಿಗಿ ಎಲ್ಲ ಕಡೆ ಒಂದೇ ಸಮ ಬರಬೇಕಾದರೆ ನಡುವಿನಿಂದ ಶುರುಮಾಡಿ, ಬಲ್ಲ ಒಂದೇ ಕೈ ಬಿಗಿಯಬೇಕು ಎಂದೆ ನೀನು. ‘ಎಲ್ಲ ಕೈಯೂ ಸಮ’ ಎಂದು ನಮ್ಮ ಸಂಘದ ಕರಪತ್ರದ ಸಾಲು ಓದಿ ನಿನ್ನ ಬಾಯಿ ಮುಚ್ಚಿಸಿದೆ. ನೀನು ಕೈಯ ಗ್ರೀಸು ತೊಳೆದುಕೊಂಡು ಅವತ್ತೇ ಊರು ಬಿಟ್ಟೆ.

ನಾನು ಹೇಳಿದಂತೆ ಹತ್ತು ಜನ ಬಿಗಿದೆವು; ಇವತ್ತು ಎಂಜಿನ್ ಶುರುವಾದ ಐದೇ ನಿಮಿಷಕ್ಕೆ ಹೆಡ್ಡಿನ ಸಂದಿಯಿಂದ ನೀರು ಚಿಮ್ಮಿತು.

“ನಿನ್ನ ಸಮಾನತೆ ಬಂತು ನೋಡಪ್ಪಾ, ಎಲ್ಲಾ ಕಡೆಯಿಂದ್ಲೂ ಸಮವಾಗಿ ಸೋರ್ತಿದೆ!” ಎಂದರು ದರ್ಜಿ ಮಾವ. ಎಲ್ಲರೂ ನಕ್ಕರು.

“ಅವಳನ್ನ ಕರೆಸೋ,” ಎಂದಳು ಅಮ್ಮ.

“ವಿಳಾಸ ಗೊತ್ತಿಲ್ವಲ್ಲಮ್ಮ.”

“ಯಾರನ್ನಾದ್ರೂ ಕೇಳಿದ್ದೀಯಾ?”

ನಾನು ನೆಲದ ನೀರು ಒರೆಸಿ, ದರ್ಜಿ ಮಾವನ ಹತ್ತಿರ ನಿನ್ನ ವಿಳಾಸ ಕೇಳಿ ಬರೆದುಕೊಂಡೆ.

ಆ ಸಾಲನ್ನು ಈಗಲೂ ನಂಬುತ್ತೇನೆ. ಬಲ್ಲವರ ಬಾಯಿ ಮುಚ್ಚಿಸು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಸೋರದಂತೆ ಹೆಡ್ಡಿನಡಿ ಹಾಕುವ ಗ್ಯಾಸ್ಕೆಟ್ಟನ್ನು ಹೊಸದಾಗಿ ಕೊಳ್ಳಲು ದುಡ್ಡಿಲ್ಲ. ಹಳೇ ತಾಮ್ರದ್ದನ್ನೇ ಕಾಯಿಸಿ, ಮೆತ್ತಗೆ ಮಾಡಿಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಶೆಡ್ಡಿನ ಬಾಗಿಲು ತೆಗೆದಿರುತ್ತೇನೆ, ಬಾ.